ಎದ್ದೇಳಿ ಎನ್ನಲಾರದವನ ನಾಯಿ

ಛತ್ರಿಯಣ್ಣನ ಬಾಯಲ್ಲಿ ಬಾರದ ಮಾತು ಜಗತ್ತಿನಲ್ಲಿ ಒಂದೇ ಒಂದು, ‘ಎದ್ದೇಳಿ’. ಕಡಲ ದಂಡೆಯಲ್ಲಿ ಛತ್ರಿ, ಒರಗುಕುರ್ಚಿ ಬಾಡಿಗೆಗೆ ಕೊಡುವವನಿಗೆ ಅದೇ ಬಾರದಿದ್ದರೆ ಗತಿಯೇನು ಹೇಳಿ? ಎರಡು ದಿನಕ್ಕೆಂದು ಬಂದ ಭಾವಮೈದ ಇಡೀ ಚಳಿಗಾಲವನ್ನು ಇವನ ಮಂಚದ ಮೇಲೆ ಕಳೆದ, ಇವನು ನೆಲದ ಮೇಲೆ ಕಳೆದ. “ಬಾಯಿಗೆ ಬೆರಳಿಟ್ರೆ ಕಚ್ಚೋಕೂ ಬರಲ್ಲ ನಿಮಗೆ” ಎಂದು ಹೆಂಡತಿ ಹರಿದ ಛತ್ರಿಬಟ್ಟೆಗೆ ತೇಪೆ ಹಾಕುತ್ತಾ ಗೊಣಗುತ್ತಾಳೆ.

ಹೀಗಾಗಿ ಆ ಕೆಲಸವೆಲ್ಲ ಚೂರುವಿನ ಪಾಲಿಗೆ ಬಂತು. ಚೂರು ಎಂದರೆ ಅವನ ನಾಯಿ. ಮೊಣಕಾಲಿಗೂ ಬಾರದ ಎತ್ತರ, ಊರಗಲದ ಅಹಂಕಾರ. ಹಾಗಂತ ಅದು ಯಾರನ್ನೂ ಕಚ್ಚುತ್ತಿರಲಿಲ್ಲ. ಅದರ ವಿದ್ಯೆಯೇ ಬೇರೆ.

ಬೇಸಿಗೆ ಮುಗಿಯುತ್ತಾ ಬಂದಾಗ, ಸಂಜೆ ದಂಡೆ ಮುಚ್ಚುವ ಹೊತ್ತಾದರೂ ಜನರಿಗೆ ಏಳುವ ಮನಸ್ಸೇ ಬರುವುದಿಲ್ಲ. ಬಿಸಿಲು ಇಳಿದಿದೆ, ಮರಳು ಇನ್ನೂ ಬೆಚ್ಚಗಿದೆ, ನಾಲ್ಕು ದಿನ ಕಳೆದರೆ ಇದಿಷ್ಟೂ ಇಲ್ಲ ಎಂದು ಎಲ್ಲರಿಗೂ ಗೊತ್ತು. ಚೂರುವಿಗೆ ಆಗ ಕಾಣುವುದು ಬರೀ ಕಾಲುಗಳು. ಬೆರಳಾಡಿಸುವ ಪಾದವಾದರೆ ಸರಿ, ಇನ್ನೇನು ಎದ್ದು ಹೋದಾರು. ಅಲ್ಲಾಡದ ಪಾದವೆಂದರೆ ಆಸಾಮಿ ನಿದ್ದೆ ಹೊಡೆಯುತ್ತಿದ್ದಾನೆ. ಛತ್ರಿಯಣ್ಣ ಅಂಥವರ ಪಕ್ಕ ನಿಂತು ಕೆಮ್ಮುತ್ತಾನೆ. ಅಷ್ಟೇ ಅವನ ಶೌರ್ಯ. ಕೆಮ್ಮು ಕೇಳಿದ್ದೇ ಚೂರು ನೀರಿಗೆ ಓಡಿ, ಮುಳುಗೆದ್ದು, ಸದ್ದಿಲ್ಲದೆ ಬಂದು, ಆ ಪಾದದ ಪಕ್ಕದಲ್ಲೇ ಮೂತಿಯಿಂದ ಬಾಲದ ತನಕ ಮೈ ಕೊಡವುತ್ತದೆ. ಆಸಾಮಿ ಚಿಮ್ಮಿ ಏಳುತ್ತಾನೆ. “ಅಯ್ಯೋ, ಒದ್ದೆಯಾಯ್ತಾ? ಬುದ್ಧಿ ಇಲ್ಲ ಇದಕ್ಕೆ” ಎನ್ನುತ್ತಾ ಛತ್ರಿಯಣ್ಣ ಒಂದು ಕೈಯಲ್ಲಿ ಟವೆಲ್ ಕೊಟ್ಟು, ಇನ್ನೊಂದು ಕೈಯಲ್ಲಿ ಕುರ್ಚಿ ಮಡಚಿಬಿಡುತ್ತಾನೆ.

ಎಡವಟ್ಟಾದದ್ದು ಹೊಸ ಮೇಲ್ವಿಚಾರಕಿ ಬಂದಾಗ. ದಂಡೆಯ ಗೇಟಿಗೆ ಬೀಗ ಹಾಕುವ ಅಧಿಕಾರ ಆಕೆಯದು. ಮೊದಲ ದಿನವೇ ಸುತ್ತಿ ಸುಸ್ತಾಗಿ, ಒಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದಳು. ಛತ್ರಿಯಣ್ಣ ಪಕ್ಕದಲ್ಲಿ ಹಾದುಹೋಗುತ್ತಾ ಕೆಮ್ಮಿದ. ಪಾಪ, ಅವತ್ತು ಅವನಿಗೆ ನಿಜವಾಗಿಯೂ ನೆಗಡಿ. ಚೂರುವಿಗೆ ಅದು ಹೇಗೆ ಗೊತ್ತಾಗಬೇಕು?

“ನಾಳೆಯಿಂದ ಈ ನಾಯಿ ಮರಳಿಗೆ ಕಾಲಿಡಬಾರದು” ಎಂದಳು ಮೇಲ್ವಿಚಾರಕಿ, ಮುಖ ಒರೆಸಿಕೊಳ್ಳುತ್ತಾ. “ನಾಯಿ ಇಲ್ದೆ ಜನರನ್ನ ಎಬ್ಬಿಸೋಕಾಗಲ್ಲ ಅಂದ್ರೆ ಹೇಳಿ, ಈ ಜಾಗಕ್ಕೆ ಬೇರೆಯವರು ಬರ್ತಾರೆ.”

ಮರುದಿನ ಚೂರುವನ್ನು ಗೇಟಿನ ಕಂಬಕ್ಕೆ ಕಟ್ಟಿದರು. ಹುಟ್ಟಿದಾಗಿನಿಂದ ಅದಕ್ಕೆ ಅಂಥ ಅವಮಾನವಾಗಿರಲಿಲ್ಲ. ದೂರದಲ್ಲಿ ಕೆಮ್ಮು ಕೇಳಿಸುತ್ತಿತ್ತು, ಹಗ್ಗ ಬಿಡುತ್ತಿರಲಿಲ್ಲ. ಚೂರುವಿಗೆ ಅಳುವೇ ಬಂತು. ಕೊನೆಗೆ ಉಳಿದದ್ದು ಒಂದು ಜೋಡಿ, ಗಂಡನೂ ಹೆಂಡತಿಯೂ ಪೈಪೋಟಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಕತ್ತಲಾಗುತ್ತಿತ್ತು, ಅಲೆ ಕುರ್ಚಿಯ ಕಾಲಿನ ಹತ್ತಿರಕ್ಕೇ ಬಂದಿತ್ತು. ಮೇಲ್ವಿಚಾರಕಿ ಬೀಗ ಹಿಡಿದು ನಿಂತಿದ್ದಳು.

“ಹೋಗಿ, ಎದ್ದೇಳಿ ಅಂತ ಹೇಳಿ.”

“ಹೇಳ್ತೀನಿ ಮೇಡಂ” ಎಂದು ಛತ್ರಿಯಣ್ಣ ಧೈರ್ಯವಾಗಿ ಹೋದ. ಗಂಡ ಒಂದು ಕಣ್ಣು ತೆರೆದ. “ದಿಂಬು ಏನಾದ್ರೂ ಬೇಕಿತ್ತಾ?” ಎಂದು ಕೇಳಿದ ಛತ್ರಿಯಣ್ಣ. ಬೇಡವೆಂದು ಆ ಕಣ್ಣು ಮುಚ್ಚಿತು.

ಛತ್ರಿಯಣ್ಣ ಒಮ್ಮೆ ಮೇಲ್ವಿಚಾರಕಿಯನ್ನು ನೋಡಿದ, ಒಮ್ಮೆ ಕಂಬದ ಕಡೆ ನೋಡಿದ. ಚಪ್ಪಲಿ ಬಿಟ್ಟ. ಅಂಗಿ ಪ್ಯಾಂಟಿನ ಸಮೇತ ಸೀದಾ ನೀರಿಗಿಳಿದು, ಮುಳುಗೆದ್ದು ಬಂದು, ಎರಡು ಕುರ್ಚಿಗಳ ನಡುವೆ ನಿಂತು ಮೈಯೆಲ್ಲ ಕೊಡವಿದ. ಚೂರು ನಾಚಿಕೆಯಿಂದ ಮುಖ ತಿರುಗಿಸಿತು. ಯಾರಾದರೂ ಭುಜದಿಂದ ಶುರು ಮಾಡುತ್ತಾರೆಯೇ? ಸೊಂಟವಂತೂ ಅಲ್ಲಾಡಲೇ ಇಲ್ಲ. ಜೋಡಿ ಮಾತ್ರ ಎದ್ದೆನೋ ಬಿದ್ದೆನೋ ಎಂದು ಗೇಟಿನ ಕಡೆ ಓಡಿತು.

“ಅಯ್ಯೋ, ಒದ್ದೆಯಾಯ್ತಾ?” ಎಂದು ಛತ್ರಿಯಣ್ಣ ಅವರ ಹಿಂದೆ ಕೂಗಿದ, ಕುರ್ಚಿ ಮಡಚುತ್ತಾ.

ಮೇಲ್ವಿಚಾರಕಿ ಕಂಬದ ಬಳಿ ಬಂದು, ಕುಕ್ಕರುಗಾಲಲ್ಲಿ ಕೂತು, ಹಗ್ಗದ ಗಂಟು ಬಿಚ್ಚಿದಳು.

“ನಾಳೆಯಿಂದ ನೀನೇ ಬಾರಪ್ಪಾ” ಎಂದಳು ಚೂರುವಿಗೆ. “ಇದನ್ನ ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ.”