ಡ್ರೈಯರ್ ಕಾಯುವ ಕಂಪ್ಯೂಟರ್

ನಿಟ್ಟೂರಿನ ಹೇಮಶ್ರೀ ಹಿರೇಹಳ್ಳಿಯ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಪ್ರಿಂಟರ್ ಕೆಟ್ಟರೂ ಅವಳೇ, ಮಾಲೀಕರ ಫೋನ್ ಸತ್ತರೂ ಅವಳೇ. ಕೆಲಸ ಬಲ್ಲವರ ತಲೆಯ ಮೇಲೇ ಎಲ್ಲವನ್ನೂ ಹೇರುವುದು ನಮ್ಮ ಕಡೆಯ ಕೆಟ್ಟ ಚಾಳಿ.

ಕಳೆದ ವಾರ, ಕೊಬ್ಬರಿ ಒಣಗಿಸುವ ಡ್ರೈಯರಿನ ಶಾಖದ ಮೇಲೆ ಕಣ್ಣಿಟ್ಟಿದ್ದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋಯಿತು. ತೊಂಬತ್ತು ಡಿಗ್ರಿ ದಾಟಿದೊಡನೆ ಬರ್ನರ್ ಆರಿಸುವುದು ಅದರ ಕೆಲಸ. ಆರಿಸದಿದ್ದರೆ ಎಣ್ಣೆ ತುಂಬಿದ ಕೊಬ್ಬರಿ ಧಗ್ಗನೆ ಹೊತ್ತಿಕೊಳ್ಳುತ್ತದೆ. ಹೊಸ ಬೋರ್ಡ್ ಬರಲು ಹದಿನೈದು ದಿನ. ಅಲ್ಲಿಯವರೆಗೆ ಕಾಯಲು ಮಾಲೀಕ ಶಿವರಾಮಯ್ಯನವರಿಗೆ ಎಲ್ಲಿಯ ವ್ಯವಧಾನ!

"ಇರೋ ಕಂಪ್ಯೂಟರಲ್ಲೇ ಓಡ್ಸಮ್ಮ," ಎಂದರು.

ಹೇಮಶ್ರೀ ಆಫೀಸಿನ ಲಿನಕ್ಸ್ ಕಂಪ್ಯೂಟರಿಗೆ, ಆ ಬೋರ್ಡಿನ ಪ್ರೊಸೆಸರಿನಂತೆ ನಟಿಸುವ ಎಮ್ಯುಲೇಟರ್ ಹಾಕಿ ಹಳೆಯ ಪ್ರೋಗ್ರಾಮನ್ನೇ ಓಡಿಸಿದಳು. ಶಾಖದ ಅಂಕಿ ಬಂತು, ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಹತ್ತಿತು. ಪರೀಕ್ಷೆಗೆಂದು ಮಿತಿ ಇಳಿಸಿದರೆ ಬರ್ನರ್ ಮಾತ್ರ ಆರಲಿಲ್ಲ. ಆರಿಸಲು ಪ್ರೋಗ್ರಾಮಿಗೆ ರೂಟ್, ಅಂದರೆ ಕಂಪ್ಯೂಟರಿನ ಯಜಮಾನನ, ಅಧಿಕಾರ ಬೇಕು; ಅದನ್ನು ಕೊಡಿಸಬೇಕಾದ 'ಸುಡೋ' ಎಂಬ ಆಜ್ಞೆ, ಎಮ್ಯುಲೇಟರಿನಲ್ಲಿ ನಡೆದಾಗ ತನಗೇ ಅಧಿಕಾರವಿಲ್ಲವೆಂದು ಕೈಚೆಲ್ಲುತ್ತಿತ್ತು. ದೀಪ ಹಸಿರಾಗಿಯೇ ಇತ್ತು.

ಎರಡು ದಿನ ತಲೆ ಕೆಡಿಸಿಕೊಂಡು ಶನಿವಾರ ಬೆಳಿಗ್ಗೆ ಕಾರಣ ಹಿಡಿದಳು. ಎಮ್ಯುಲೇಟರನ್ನು ಲಿನಕ್ಸಿಗೆ ನೋಂದಾಯಿಸುವ ಸಾಲಿನಲ್ಲಿ, ಪ್ರೋಗ್ರಾಮಿನ ಅಧಿಕಾರ ಉಳಿಸಿಕೊಡುವ ಒಂದೇ ಒಂದು ಅಕ್ಷರ ಇರಲಿಲ್ಲ. ಸೇರಿಸಿದಳು. ಬರ್ನರ್ ಟಪ್ಪನೆ ಆರಿತು. ಡ್ರೈಯರ್ ನೋಡಿಕೊಳ್ಳುವ ಚಿಕ್ಕರಂಗಯ್ಯನನ್ನು ಕರೆದು ಮೂರು ಸಲ ತೋರಿಸಿ, ಸಂಜೆ ನಿಶ್ಚಿಂತೆಯಿಂದ ಬಸ್ ಹತ್ತಿದಳು.

ಬಸ್ ಗುಬ್ಬಿ ದಾಟುವಾಗ ಅವನ ಫೋನ್ ಬಂತು.

"ಅಮ್ಮಾ, ಕರೆಂಟ್ ಹೋಗಿ ಬಂತು. ಕಂಪ್ಯೂಟರು ತಾನೇ ಆನ್ ಆಯ್ತು, ಹಸಿರು ದೀಪ ಅದೆ. ಬರ್ನರ್ ಹಚ್ಚಿ ಅರ್ಧ ಗಂಟೆ ಆಯ್ತು."

ಹೇಮಶ್ರೀಗೆ ತಟ್ಟನೆ ಹೊಳೆಯಿತು. ಬೆಳಿಗ್ಗೆ ಆ ಅಕ್ಷರವನ್ನು ಆ ಹೊತ್ತಿನ ಮಟ್ಟಿಗೆ ಟೈಪ್ ಮಾಡಿದ್ದಳಷ್ಟೇ, ಫೈಲಿನಲ್ಲಿ ಉಳಿಸಿರಲಿಲ್ಲ. ಕಂಪ್ಯೂಟರ್ ಮತ್ತೆ ಶುರುವಾದೊಡನೆ ಅದು ಅಳಿಸಿಹೋಗಿ, ಹಳೆಯ ನೋಂದಣಿಯೇ ಬಂದಿರುತ್ತದೆ. ಇನ್ನು ಬರ್ನರ್ ಆರುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಮಾಡುವ ತಪ್ಪೇ ಇದು!

"ಎಷ್ಟು ತೋರಿಸ್ತಿದೆ?"

"ನೂರಾ ಹನ್ನೆರಡು. ಸೀದ ವಾಸ್ನೆನೂ ಬತ್ತಾ ಅದೆ."

"ಬರ್ನರ್ ಆರ್ಸಿ! ಆಚೆ ಓಡಿ!"

"ಅದೇ ಆರ್ಸ್ಕೊಳ್ತದೆ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲಮ್ಮ," ಚಿಕ್ಕರಂಗಯ್ಯ ನಕ್ಕ. "ಹೆಂಗೆ ಆರ್ತದೋ ನೋಡವಾ ಅಂತ ಡ್ರೈಯರ್ ಮುಂದೇನೇ ಕುಂತಿವ್ನಿ."