ಪರ್ಮಿಟ್ ಅಕ್ಕ ಬರೆದ ಅರ್ಹತೆಗಳು

ತೈಲ ಮತ್ತು ಅನಿಲ ಬಾವಿಗಳಿಗೆ ಪರವಾನಗಿ ಕೊಡುವ ಸರಕಾರಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅರ್ಜಿ ಪರಿಶೀಲಿಸುತ್ತಿದ್ದ ಹೆಂಗಸನ್ನು ಎಲ್ಲರೂ ಪರ್ಮಿಟ್ ಅಕ್ಕ ಅಂತಲೇ ಕರೆಯುತ್ತಿದ್ದರು. ಕೊಳವೆ ಎಷ್ಟು ಆಳ, ಅದರ ಸುತ್ತ ಸಿಮೆಂಟು ಎಷ್ಟು ದಪ್ಪ, ಕುಡಿಯುವ ನೀರಿನ ಬಾವಿ ಎಷ್ಟು ದೂರ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿದ್ದವು. ಸಹಿ ಹಾಕುವವರು ಮಾತ್ರ ಮೇಲ್ವಿಚಾರಕ ಸಾಹೇಬರು. ಆ ಪುಣ್ಯಾತ್ಮರು ಹನ್ನೊಂದು ವರ್ಷದಲ್ಲಿ ಒಂದು ಬಾವಿಯನ್ನೂ ಕಣ್ಣಾರೆ ಕಂಡವರಲ್ಲ. ಗಾಡಿ ಓಡಿಸಲು ಬರುವುದಿಲ್ಲ ಎಂಬುದು ಅವರ ಕಾಯಂ ನೆಪ. ಕಚೇರಿಯ ಜೀಪು ಷೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಅಕ್ಕ ಬಸ್ಸು ಹಿಡಿದು, ಉಳಿದ ದಾರಿ ನಡೆದು ಹೋಗಿ ನೋಡಿ ಬರುತ್ತಿದ್ದಳು. ಅವಳು ಬೇಡವೆಂದಿದ್ದ ಎರಡು ಬಾವಿಗಳಿಗೆ ಸಾಹೇಬರು ಕೂತಲ್ಲೇ ಸಹಿ ಹಾಕಿದ್ದರು. ಅಲ್ಲಿಯ ಹಳ್ಳಿಯವರ ಕುಡಿಯುವ ನೀರು ಇವತ್ತಿಗೂ ಎಣ್ಣೆ ವಾಸನೆ ಹೊಡೆಯುತ್ತದೆ.

ಸಾಹೇಬರು ನಿವೃತ್ತರಾದರು. ಆ ಹುದ್ದೆಯ ಜಾಹೀರಾತಿಗೆ ಕರಡು ಬರೆಯುವ ಕೆಲಸವೂ ಅಕ್ಕನ ತಲೆಗೇ ಬಂತು. ಸಿಟ್ಟಿನಲ್ಲಿ ಬರೆದೇ ಬರೆದಳು. ವಿಜ್ಞಾನದ ಪದವಿ ಇರಬೇಕು. ಹತ್ತು ವರ್ಷ ಅರ್ಜಿ ಪರಿಶೀಲಿಸಿದ ಅನುಭವ ಬೇಕು. ಮೂರನೆಯದು, ತನಗೇ ನಷ್ಟವಾಗುವಂತಿದ್ದರೂ 'ಇಲ್ಲ' ಎನ್ನುವ ಗಟ್ಟಿತನ. ಇದಕ್ಕೆ ಆಧಾರ ಲಗತ್ತಿಸತಕ್ಕದ್ದು. ನಾಲ್ಕನೆಯದು, ವಾಹನ ಓಡಿಸುವ ಲೈಸೆನ್ಸು. ಮುಖ್ಯ ಕಚೇರಿಯವರು ಕಣ್ಣಾಡಿಸದೆ ಅಚ್ಚು ಹಾಕಿಸಿದರು.

ಮನೆಯಲ್ಲಿ ಬೀಗುತ್ತಾ ಓದಿ ಹೇಳಿದಾಗ ಅತ್ತೆ ಕೇಳಿದರು, "ನಿಂಗೆಲ್ಲಿದೆ ಲೈಸೆನ್ಸು?"

ಅಕ್ಕ ನಾಲ್ಕನೆಯ ಅರ್ಹತೆಯನ್ನು ಇನ್ನೊಮ್ಮೆ ಓದಿಕೊಂಡಳು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ತಪ್ಪಾಗಿ ಸೇರಿದೆ ಅಂತ ಒಂದು ಚೀಟಿ ಬರಿ, ತೆಗೆದುಬಿಡ್ತಾರೆ."

"ಸರಿಯಾಗೇ ಬರ್ದಿದೀನಲ್ಲ, ಹೇಗೆ ತೆಗೆಸ್ಲಿ?"

ಆ ಕುರ್ಚಿ ಅವಳಿಗೆ ಬೇಕೇ ಬೇಕಿತ್ತು. ಅರ್ಜಿಗೆ ಉಳಿದಿದ್ದು ಮೂರು ವಾರ. ಅತ್ತೆಗೆ ಎಪ್ಪತ್ಮೂರು, ಮೂವತ್ತು ವರ್ಷ ಹಾಲಿನ ವ್ಯಾನು ಓಡಿಸಿದವರು, ಅದೇ ವ್ಯಾನು ಇನ್ನೂ ಹಿತ್ತಲಲ್ಲಿತ್ತು. ಮರುದಿನ ಬೆಳಿಗ್ಗೆಯೇ ಸೊಸೆಯನ್ನು ಅದರಲ್ಲಿ ಕೂರಿಸಿದರು. ಮೊದಲ ದಿನ ಬೇಲಿ ಹೋಯಿತು, ಮೂರನೇ ದಿನ ಪಕ್ಕದ ಮನೆಯ ಗೇಟು. ಬೀದಿಯವರು ಬೆಕ್ಕುಗಳನ್ನು ಒಳಗೆ ಕೂಡಿಹಾಕಿ ಕಿಟಕಿಯಲ್ಲಿ ನಿಂತು ಮಜಾ ನೋಡಿದರು. ವ್ಯಾನು ಕುಪ್ಪಳಿಸಿದಾಗೆಲ್ಲ ಅತ್ತೆ ಸೊಸೆ ಇಬ್ಬರಿಗೂ ನಗು ಬಂದು, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂಬುದೇ ಮರೆತುಹೋಗುತ್ತಿತ್ತು.

ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಮೂರನೆಯದು ಅರ್ಜಿಯ ಕೊನೆಯ ದಿನವೇ ಬಿತ್ತು.

ಪರೀಕ್ಷೆಗೆ ಓಡಿಸಬೇಕಾದ್ದು ಪರೀಕ್ಷಕರ ಕಾರನ್ನು. ಅದರ ಸುತ್ತ ಅಕ್ಕ, ಎಣ್ಣೆಬಾವಿಯ ಸುತ್ತ ಬರುವಂತೆ, ಒಂದು ಸುತ್ತು ಬಂದಳು. ಟೈರು ಒತ್ತಿ ನೋಡಿದಳು. ಆಮೇಲೆ ಪರೀಕ್ಷಕರನ್ನೇ ಕಾರಿನ ಹಿಂದೆ ನಿಲ್ಲಿಸಿ ಬ್ರೇಕು ತುಳಿದಳು.

"ಒಂದು ಬ್ರೇಕ್ ಲೈಟು ಹತ್ತಲ್ಲ," ಎಂದರು ಅವರು. "ಪರವಾಗಿಲ್ಲ, ಬೆಳಿಗ್ಗೆಯಿಂದ ಎಂಟು ಜನ ಓಡಿಸಿದಾರೆ."

"ಇಲ್ಲ ಸಾರ್. ಈ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ."

"ಹಾಗಾದ್ರೆ ನಾಳೆ ಬನ್ನಿ."

"ಇವತ್ತು ಐದು ಗಂಟೆಗೆ ನನ್ನದೊಂದು ಅರ್ಜಿಯ ಗಡುವು ಮುಗಿಯುತ್ತೆ ಸಾರ್."

"ಮತ್ತಿನ್ನೇನು, ಓಡಿಸಿ."

"ಇಲ್ಲ ಸಾರ್."

ಹಾಗೆಂದ ತನ್ನ ಬಾಯನ್ನು ಅಕ್ಕ ಮನಸ್ಸಿನಲ್ಲೇ ಶಪಿಸಿದಳು. ಆದರೂ ಕೀಲಿಯನ್ನು ಅವರ ಕೈಗೆ ಹಿಂದಿರುಗಿಸಿದಳು.

ದೂರದ ಬೆಂಚಿನಲ್ಲಿ ಕೂತಿದ್ದ ಅತ್ತೆ ಹಣೆ ಚಚ್ಚಿಕೊಂಡು ಎದ್ದರು. ತಾವು ಬಂದಿದ್ದ ಹಾಲಿನ ವ್ಯಾನಿನ ಹಿಂದೆ ಬಗ್ಗಿ, ಒಂದು ಬಲ್ಬು ಕಿತ್ತುಕೊಂಡು ಬಂದರು. "ತಗೊಳ್ಳಿ, ಹಾಕಿ. ಬಲ್ಬಿಗೇನು ಗೊತ್ತು ತಾನು ಯಾರ ಗಾಡೀಲಿದೀನಿ ಅಂತ."

ದೀಪ ಹತ್ತಿತು. ಕಾರು ಒಂದೇ ಒಂದು ಸಲ ಕುಪ್ಪಳಿಸಿತು, ಆಮೇಲೆ ಸೊಗಸಾಗಿ ಓಡಿತು. ಪರೀಕ್ಷಕರು ಪಾಸು ಎಂದು ಬರೆದು, ಅದೆಂಥ ಅರ್ಜಿ ಎಂದು ಕೇಳಿದರು. ಅಕ್ಕ ಜಾಹೀರಾತು ತೋರಿಸಿದಳು. ಅವರು ಮೂರನೇ ಅರ್ಹತೆಯ ಮೇಲೆ ಬೆರಳಿಟ್ಟರು.

"ಇದಕ್ಕೇನು ಆಧಾರ ಲಗತ್ತಿಸಿದೀರಿ?"

"ಏನೂ ಇಲ್ಲ ಸಾರ್. ಇಂಥದಕ್ಕೆ ಯಾರು ಸರ್ಟಿಫಿಕೇಟ್ ಕೊಡ್ತಾರೆ?"

ಅವರು ಇನ್ನೊಂದು ಹಾಳೆ ಎಳೆದುಕೊಂಡು ಎರಡು ಸಾಲು ಗೀಚಿ, ಸಹಿ ಹಾಕಿ, ಸೀಲು ಒತ್ತಿದರು.

ಗಂಟೆ ನಾಲ್ಕೂವರೆ. ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಆ ಬಲ್ಬು ಪರೀಕ್ಷಕರ ಕಾರಿನಲ್ಲೇ ಉಳಿದಿದ್ದರಿಂದ ವ್ಯಾನನ್ನು ಅಲ್ಲೇ ಬಿಟ್ಟು, ಇಬ್ಬರೂ ಸೆರಗು ಸಿಕ್ಕಿಸಿಕೊಂಡು, ಲೈಸೆನ್ಸು ಬಂದ ಮೊದಲ ದಿನವೇ ಬಸ್ಸಿನ ಹಿಂದೆ ನಗುತ್ತಾ ಓಡಿದರು.

ಷೆಡ್ಡಿನ ಜೀಪು ಈಗ ವಾರಕ್ಕೆ ಮೂರು ದಿನ ಬಾವಿಗಳ ಕಡೆ ಹೋಗುತ್ತದೆ. ಮೇಲ್ವಿಚಾರಕಿಯ ಮೇಜಿನ ಗಾಜಿನ ಕೆಳಗೆ ಆ ಎರಡು ಸಾಲಿನ ಹಾಳೆಯಿದೆ: "ನನ್ನ 'ಹೌದು' ಇವರಿಗೆ ತುರ್ತಾಗಿ ಬೇಕಿದ್ದ ದಿನವೇ ಇವರು ನನಗೆ 'ಇಲ್ಲ' ಅಂದರು. ಎರಡು ಸಲ."