ಇದ್ದಿಲು ಗುಂಡಿಯ ಕರಿಬಸಮ್ಮ

ಹಿರೇನಲ್ಲೂರಿನಿಂದ ಕಡೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ, ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಆರು ಗುಂಡಿಗಳಿದ್ದವು. ಹಗಲು ಮೂವರು ಹೆಂಗಸರು ಚಿಪ್ಪು ಹೊರಲು ಬಂದು ಹೋಗುತ್ತಿದ್ದರು. ಪಕ್ಕದ ತಗಡಿನ ಮನೆಯಲ್ಲಿ ಕರಿಬಸಮ್ಮ ಒಬ್ಬಳೇ ಇರುತ್ತಿದ್ದಳು. ಬೆಂಕಿ ಹಚ್ಚುವುದು, ಹದವಾಗಿ ಬೆಂದ ಮೇಲೆ ಮಣ್ಣು ಮುಚ್ಚುವುದು, ಮರುದಿನ ತೆಗೆದು ನೀರು ಹೊಯ್ದು ಆರಿಸುವುದು ಒಂಬತ್ತು ವರ್ಷದಿಂದ ಅವಳ ಕೆಲಸ. ಹೊಗೆಯ ಬಣ್ಣ ನೋಡಿಯೇ ಮುಚ್ಚುವ ಹೊತ್ತು ಹೇಳಬಲ್ಲಳು. ಆ ಬಲ್ಲತನಕ್ಕೆ ಊರಿನಲ್ಲಿ ಬೆಲೆಯಿರಲಿಲ್ಲ. ಒಗೆದ ಬಟ್ಟೆಗೆ ಮಸಿ ಕೂತರೆ ಬೈಗುಳ ಅವಳಿಗೇ.

ಮಾತನಾಡಿಸುತ್ತಿದ್ದವಳು ಪಕ್ಕದ ತೋಟದ ವನಜಾಕ್ಷಿ ಮಾತ್ರ. ಅವಳ ತೆರೆದ ಬಾವಿಯಿಂದಲೇ ಕರಿಬಸಮ್ಮ ಕುಡಿಯುವ ನೀರು ಸೇದುತ್ತಿದ್ದುದು. ಒಂದು ಮಳೆಗಾಲ ಕಳೆದ ಮೇಲೆ ಆ ನೀರು ಚಹದ ಬಣ್ಣಕ್ಕೆ ತಿರುಗಿತು.

"ನಿನ್ನ ಗುಂಡಿ ನೀರೇ ಕಣೇ ಬಾವಿಗೆ ಇಳೀತಿರೋದು," ಎಂದಳು ವನಜಾಕ್ಷಿ.

"ನೆಲದೊಳಗೆ ಇಣುಕಿ ನೋಡ್ಕೊಂಡು ಬಂದ್ಯಾ? ನಂಗೇನಾಗಿದೆ ನೋಡು!" ಕರಿಬಸಮ್ಮ ಅಲ್ಲೇ ಒಂದು ಚೊಂಬು ಕುಡಿದಳು.

ವನಜಾಕ್ಷಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರತೊಡಗಿದಳು, ಮಾತು ಬಿಟ್ಟಳು. ಕರಿಬಸಮ್ಮ ಎರಡು ವರ್ಷ, ಅವಳಿಗೆ ಕಾಣುವಂತೆಯೇ, ಬಾವಿಕಟ್ಟೆಯ ಮೇಲೆ ನಿಂತು ಕುಡಿದಳು. ಗಂಟಲಲ್ಲಿ ಕಹಿ ಉಳಿಯುತ್ತಿತ್ತು. ನೀರು ಕೆಟ್ಟಿದೆಯೆಂದು ಗುಂಡಿಗಳನ್ನು ಮುಚ್ಚಿಸಿಬಿಟ್ಟರೆ ಐವತ್ತೆಂಟನೆಯ ವಯಸ್ಸಿನಲ್ಲಿ ಕೆಲಸವೂ ಇಲ್ಲ, ತಗಡಿನ ಮನೆಯೂ ಇಲ್ಲ.

ಇದ್ದಿಲು ಒಯ್ಯುವ ಲಾರಿಯ ಧರ್ಮೇಶ್ ಒಮ್ಮೆ ಹೇಳಿದ: "ಇದನ್ನ ಪುಡಿ ಮಾಡಿ ನೀರಿನ ಫಿಲ್ಟರ್‌ಗೆ ತುಂಬ್ತಾರೆ ಕಣಮ್ಮ. ಪ್ಯಾಟೆಯೋರು ಚೊಕ್ಕ ನೀರು ಕುಡೀತಾರೆ."

"ಕುಡೀಲಿ ಬಿಡಪ್ಪ. ಇಲ್ಲೀದು ಕುಡಿಯೋಕೆ ನಾನಿದೀನಲ್ಲ," ಎಂದು ನಕ್ಕಳು. ನಕ್ಕರೂ ಅವನ ಮಾತು ಅವಳನ್ನು ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ವನಜಾಕ್ಷಿಯ ದೂರಿನ ಮೇಲೆ ಅಧಿಕಾರಿಯೊಬ್ಬರು ಬಂದರು. ಗುಂಡಿಗಳ ಮಾಲೀಕ ರುದ್ರಮೂರ್ತಿ ಅವರನ್ನು ನೇರ ಬಾವಿಯ ಹತ್ತಿರ ಕರೆತಂದ.

"ನೀರು ಕೆಟ್ಟಿದ್ರೆ ಇವ್ಳು ಬದುಕಿರ್ತಿದ್ಲಾ ಸಾರ್? ಕರಿಬಸಮ್ಮ, ಸಾಹೇಬ್ರ ಮುಂದೆ ಒಂದು ಚೊಂಬು ಕುಡ್ದು ತೋರ್ಸು."

ಕರಿಬಸಮ್ಮ ಸೇದಿದಳು. ಎದುರಿಗೆ ವನಜಾಕ್ಷಿ ಕೈಕಟ್ಟಿ ನಿಂತಿದ್ದಳು. ತುಟಿಯ ತನಕ ಹೋದ ಚೊಂಬನ್ನು ಕರಿಬಸಮ್ಮ ಅಧಿಕಾರಿಯ ಕಡೆ ಚಾಚಿದಳು.

"ಮೂಸಿ ನೋಡಿ ಸ್ವಾಮಿ. ಗುಂಡಿಗೆ ನೀರು ಹೊಯ್ಯೋಳು ನಾನು, ಅದ್ರ ವಾಸ್ನೆ ನಂಗೊತ್ತಿಲ್ವಾ? ಹಟಕ್ಕೆ ಕುಡೀತಿದ್ದೆ."

"ಲೇ, ಅನ್ನ ತಿನ್ನೋ ಬಾಯೇನೇ ಅದು?" ಎಂದ ರುದ್ರಮೂರ್ತಿ.

"ನೀರು ಕುಡಿಯೋ ಬಾಯೂ ಇದೇ ಕಣಪ್ಪ."

ಗುಂಡಿಗಳು ಮುಚ್ಚಿದವು. ಕೆಲಸ ಕಳೆದುಕೊಂಡ ಮೂವರು ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸಿದರು. ವನಜಾಕ್ಷಿಯೂ ಮಾತನಾಡಿಸಲಿಲ್ಲ. ಎರಡು ವರ್ಷದ ಹಟವನ್ನು ಒಂದು ದಿನದ ನಿಜಕ್ಕೆ ಮರೆಯುವ ಹೆಂಗಸಲ್ಲ ಅವಳು. ತಿಂಗಳೊಳಗೆ ತಗಡಿನ ಮನೆ ಬಿಡಬೇಕಾಯಿತು.

ಕರಿಬಸಮ್ಮ ಈಗ ಕಡೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕಸ ಗುಡಿಸುತ್ತಾಳೆ. ಹಿರೇನಲ್ಲೂರಿನ ಕಡೆಯವರು ಕಂಡರೆ ಅವಳು ಕ್ಷೇಮ ಸಮಾಚಾರ ಕೇಳುವುದಿಲ್ಲ. "ಬಾವಿ ತಿಳಿ ಆಯ್ತಾ?" ಎನ್ನುತ್ತಾಳೆ. ಇನ್ನೂ ಇಲ್ಲ ಎಂದರೆ, ತಲೆಯಾಡಿಸಿ ಗುಡಿಸುವುದನ್ನು ಮುಂದುವರಿಸುತ್ತಾಳೆ.